ಅಮೆರಿಕದ ಬೀಜ, ಕುಮಟಾದ ಹೆಸರು, ಡಾಲರಿನ ಸಾಲ: ಧಾರವಾಡ ಸೀಮೆಗೆ ಜಗತ್ತಿನ ಪೇಟೆ ಬಂದ ದಾರಿ

2025ರ ಆಗಸ್ಟ್ 19ರಂದು ಕೇಂದ್ರ ಸರ್ಕಾರ ಹತ್ತಿ ಆಮದಿನ ಮೇಲಿದ್ದ ಶೇ 11ರ ಸುಂಕವನ್ನು ತೆಗೆಯಿತು. ಮೊದಲು ಸೆಪ್ಟೆಂಬರ್ 30ರವರೆಗೆ ಅಂದರು, ಆಮೇಲೆ ಡಿಸೆಂಬರ್ 31ರವರೆಗೆ ಎಳೆದರು. ಅತ್ತ ಅಮೆರಿಕ ಅದೇ ಆಗಸ್ಟ್ 27ರಿಂದ ಭಾರತದ ಬಹಳಷ್ಟು ಸರಕಿನ ಮೇಲೆ ಶೇ 50ರ ಸುಂಕ ಹೇರಿತ್ತು. ರಫ್ತಿಗೆ ಬಟ್ಟೆ ಹೊಲಿಯುವವರಿಗೆ ಕಚ್ಚಾ ಮಾಲಾದರೂ ಅಗ್ಗವಾಗಲಿ ಎಂಬುದು ದಿಲ್ಲಿಯ ಲೆಕ್ಕ. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್ ಅಂದರೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಕುಲಾಂತರಿ ಬಿ.ಟಿ. ಹತ್ತಿ ಬಿಡಿಸಿ ಪೇಟೆಗೆ ತರುವ ಕಾಲ.

ಈ ಒಂದು ಆದೇಶದಿಂದ ರೈತನ ಹತ್ತಿಗೆ ಎಷ್ಟು ಪೆಟ್ಟು ಬೀಳಬಹುದು ಎಂಬುದನ್ನು ಕೂಡಿ ಕಳೆದೇ ನೋಡಬಹುದು. ನಮ್ಮ ಬಂದರಿಗೆ ಮುಟ್ಟಿದ ಅರಳೆಯ ದರ ಪೌಂಡಿಗೆ 70 ಸೆಂಟ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಅರಳೆ ವ್ಯಾಪಾರ ನಡೆಯುವುದು ಖಂಡಿ ಲೆಕ್ಕದಲ್ಲಿ. ಒಂದು ಖಂಡಿಗೆ 784 ಪೌಂಡ್, ಅಂದರೆ ಸುಮಾರು 356 ಕಿಲೊ. 784ನ್ನು 0.70ರಿಂದ, ಬಂದದ್ದನ್ನು 85ರಿಂದ ಗುಣಿಸಿದರೆ ಖಂಡಿಗೆ 46,648 ರೂಪಾಯಿ. ಕ್ವಿಂಟಲ್ ಅರಳೆಗೆ ಸುಮಾರು 13,100. ರೈತ ತರುವುದು ಅರಳೆಯನ್ನಲ್ಲ, ಕಾಳಿನ ಸಮೇತ ಹತ್ತಿಯನ್ನು. ಒಂದು ಕ್ವಿಂಟಲ್ ಹತ್ತಿ ಜಿನ್ನಿಂಗ್ ಆದರೆ, ಅಂದರೆ ಎಳೆಯಿಂದ ಕಾಳು ಬೇರ್ಪಟ್ಟರೆ, ಸರಾಸರಿ 34 ಕಿಲೊ ಅರಳೆ, 63 ಕಿಲೊ ಕಾಳು. ಉಳಿದದ್ದು ಕಸ ಮತ್ತು ಆರಿಹೋಗುವ ತೇವ. ಅರಳೆಯಿಂದ 4,460 ರೂಪಾಯಿ, ಕಾಳಿಗೆ ಕಿಲೊಗೆ 35 ರೂಪಾಯಿ ಹಿಡಿದರೆ 2,205, ಒಟ್ಟು 6,665. ಇದರಲ್ಲಿ ಜಿನ್ನಿಂಗ್ ಖರ್ಚು, ಹಮಾಲಿ, ಬಾಡಿಗೆ ಕಳೆಯಬೇಕು. ಶೇ 11ರ ಸುಂಕ ಇದ್ದಿದ್ದರೆ ಅರಳೆಯ ಪಾಲು ಸುಮಾರು 490 ರೂಪಾಯಿ ಮೇಲೆ ನಿಲ್ಲುತ್ತಿತ್ತು. ಅಂದರೆ ಸುಂಕ ತೆಗೆದರೆ ಕ್ವಿಂಟಲ್ ಹತ್ತಿಯ ಮೇಲೆ ಹೆಚ್ಚೆಂದರೆ ಐನೂರು ರೂಪಾಯಿಯಷ್ಟು ಒತ್ತಡ ಬೀಳುತ್ತದೆ.

ಆ ವರ್ಷ ಉದ್ದೆಳೆ ಹತ್ತಿಗೆ ಬೆಂಬಲ ಬೆಲೆ 8,110 ರೂಪಾಯಿ, ಮಧ್ಯಮ ಎಳೆಗೆ 7,710. ಪೇಟೆಯ ದರ ಅದಕ್ಕಿಂತ ಇಳಿದರೆ ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೇ ಕೊಳ್ಳುತ್ತದೆ. ಆದರೆ ನಿಗಮದ ಖರೀದಿ ಕೇಂದ್ರದಲ್ಲಿ ತೇವ ಶೇ 8 ಇದ್ದರೆ ಮಾತ್ರ ಪೂರ್ತಿ ದರ. 8ರಿಂದ 12ರವರೆಗೆ ಏರಿದಷ್ಟೂ ಕಡಿತ, 12 ದಾಟಿದರೆ ಹತ್ತಿ ವಾಪಸ್. ಹಿಂಗಾರಿ ಮಳೆಗೆ ಸಿಕ್ಕ ಹತ್ತಿಯನ್ನು ಒಣಗಿಸಿ ಇಟ್ಟುಕೊಳ್ಳಲು ಜಾಗವಿಲ್ಲದವನು ದಲಾಲಿ ಅಂಗಡಿಗೇ ಹಾಕುತ್ತಾನೆ. ಬೆಂಬಲ ಬೆಲೆ ಅವನ ಪಾಲಿಗೆ ಇದ್ದೂ ಇಲ್ಲ.

ವ್ಯಾಪಾರದಿಂದ ದೇಶಕ್ಕೆ ಒಟ್ಟಿನಲ್ಲಿ ಲಾಭವೇ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಅದು ಸುಳ್ಳಲ್ಲ. ನೆರವಿನಿಂದ ಬರಗಾಲ ದಾಟಿದ್ದೂ ಸುಳ್ಳಲ್ಲ. ಆದರೆ ಬೆಲೆ ತಿರುಗಿದಾಗ ನಷ್ಟ ಯಾರ ಉಡಿಗೆ ಬೀಳುತ್ತದೆ ಎಂಬುದು ಒಟ್ಟು ಲಾಭದ ಲೆಕ್ಕದೊಳಗೆ ಕಾಣುವುದಿಲ್ಲ. ನೂರೆಂಬತ್ತು ವರ್ಷಗಳಿಂದ ಜಗತ್ತಿನ ಪೇಟೆಗೆ ಕಟ್ಟಿಕೊಂಡಿರುವ ಈ ಎರಿ ನೆಲದಲ್ಲಿ ಆ ಪ್ರಶ್ನೆಯನ್ನು ಬೆಳೆಯಿಂದ ಬೆಳೆಗೆ ಹಿಡಿದು ನೋಡಬಹುದು.

ಕುಸುಗಲ್ಲಿನ ಹೊಲ

ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಗಳು ಹೆಚ್ಚಾಗಿ ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಂಡಿದ್ದವು. ಆ ನೆಚ್ಚಿಕೆಗೆ ಪರ್ಯಾಯ ಹುಡುಕಲು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಅವರ ಪ್ರಯೋಗ ಬಹುತೇಕ ಕಡೆ ನೆಲಕಚ್ಚಿತು. ಬೇರೂರಿದ ಬೆರಳೆಣಿಕೆಯ ಸೀಮೆಗಳಲ್ಲಿ ಧಾರವಾಡ ಒಂದು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಎದ್ದಿತು. ನ್ಯೂ ಆರ್ಲಿಯನ್ಸ್ ಬೀಜ ಎರಿ ನೆಲಕ್ಕೂ ಇಲ್ಲಿನ ಮಳೆಗೂ ಹೊಂದಿತು. ಇದೇ ಮುಂದೆ ‘ಧಾರವಾಡ ಅಮೆರಿಕನ್’ ಆಯಿತು.

ಅಷ್ಟರಲ್ಲಾಗಲೇ ಇಲ್ಲಿ ನಾಡ ಹತ್ತಿ ಇತ್ತು. ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬಯಿಗೆ ಹಡಗು ಹತ್ತುತ್ತಿದ್ದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮ್ಟಾ’ ಹತ್ತಿ ಎಂದೇ ಹೆಸರು. ಕುಮಟಾದಲ್ಲಿ ಒಂದು ಗಿಡವೂ ಬೆಳೆಯುತ್ತಿರಲಿಲ್ಲ.

ಹೊಸ ಬೀಜದ ತೊಡಕು ಕಂಡದ್ದು ಹೊಲದಲ್ಲಲ್ಲ, ಬಿಡಿಸಿದ ಮೇಲೆ. ನಾಡ ಹತ್ತಿಯನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲಿಟ್ಟು ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಬೀಜ ಬೇರ್ಪಡಿಸುತ್ತಿದ್ದರು. ಅಮೆರಿಕದ ಜಾತಿಯಲ್ಲಿ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಸರಳಿಗಾಗಲಿ ಕಾಳು ಬಿಡಿಸುವ ಚರಕಕ್ಕಾಗಲಿ ಅದು ಬಗ್ಗಲಿಲ್ಲ. ಅದಕ್ಕೆ ಗರಗಸದ ಜಿನ್ ಬೇಕಾಯಿತು: ಒಂದು ಅಚ್ಚಿನ ಮೇಲೆ ಸಾಲಾಗಿ ಕೂಡಿಸಿದ ಹಲ್ಲಿನ ಚಕ್ರಗಳು ಕಂಬಿಗಳ ಸಂದಿನಿಂದ ಎಳೆಯನ್ನು ಎಳೆದುಕೊಳ್ಳುತ್ತವೆ, ಕಾಳು ಹಿಂದೆಯೇ ಉಳಿಯುತ್ತದೆ. ಹಲ್ಲು ಮೊಂಡಾದರೆ ಅಥವಾ ಸಂದು ತಪ್ಪಿದರೆ ಎಳೆ ತುಂಡಾಗುತ್ತದೆ. ತುಂಡೆಳೆಗೆ ನೂಲಿನಲ್ಲಿ ಬೆಲೆ ಇಲ್ಲ. ಆದ್ದರಿಂದ ಧಾರವಾಡದಲ್ಲಿ ಸರ್ಕಾರವೇ ಜಿನ್ ರಿಪೇರಿ ಕಾರ್ಖಾನೆ ನಡೆಸಬೇಕಾಯಿತು. ಬೀಜವನ್ನಷ್ಟೇ ತಂದು ಕೊಟ್ಟು ಕೈತೊಳೆದುಕೊಂಡಿದ್ದರೆ ಧಾರವಾಡದ ಪ್ರಯೋಗವೂ ಉಳಿದವುಗಳ ದಾರಿ ಹಿಡಿಯುತ್ತಿತ್ತು. ಇಂದಿನ ಅಭಿವೃದ್ಧಿ ಯೋಜನೆಗಳಲ್ಲೂ ಯಂತ್ರ ಬರುತ್ತದೆ, ಬಿಡಿಭಾಗ ಮತ್ತು ರಿಪೇರಿ ಬಲ್ಲವನು ಬರುವುದಿಲ್ಲ. ಎಷ್ಟೋ ಯೋಜನೆ ಬೀಳುವುದು ಅಲ್ಲಿಯೇ.

ಎರಡರಲ್ಲೂ ಹಿಂದಿರುವವನಿಗೆ ಏನು ಮಾರಲು ಸಾಧ್ಯ?

ಈ ವ್ಯಾಪಾರದ ಹಿಂದಿನ ತತ್ತ್ವವನ್ನು ಇಂಗ್ಲೆಂಡಿನ ಡೇವಿಡ್ ರಿಕಾರ್ಡೊ 1817ರಲ್ಲಿ ಬಿಡಿಸಿ ಇಟ್ಟಿದ್ದ. ‘ತುಲನಾತ್ಮಕ ಅನುಕೂಲ’ ಎಂದು ಪಠ್ಯಗಳಲ್ಲಿ ಓದುತ್ತೇವೆ. ಆತನ ಉದಾಹರಣೆ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್‌ನ ದ್ರಾಕ್ಷಾರಸ. ನಮ್ಮ ಹೊಲಕ್ಕೆ ಇಳಿಸಿ ನೋಡೋಣ; ಅಂಕಿಗಳು ಲೆಕ್ಕ ತಿಳಿಯಲಿಕ್ಕಷ್ಟೇ.

ಗದಗದ ಒಂದು ಎಕರೆಯಲ್ಲಿ 4 ಕ್ವಿಂಟಲ್ ಹತ್ತಿ ಇಲ್ಲವೇ 8 ಕ್ವಿಂಟಲ್ ಧಾನ್ಯ ಬರುತ್ತದೆ. ನೀರಾವರಿ ಇರುವ ಇನ್ನೊಂದು ಸೀಮೆಯಲ್ಲಿ ಅದೇ ಎಕರೆಗೆ 6 ಕ್ವಿಂಟಲ್ ಹತ್ತಿ ಇಲ್ಲವೇ 18 ಕ್ವಿಂಟಲ್ ಧಾನ್ಯ. ಎರಡರಲ್ಲೂ ಗದಗ ಹಿಂದೆ. ಹಾಗಾದರೆ ಗದಗ ಮಾರುವುದೇನು? ಕೇಳಬೇಕಾದದ್ದು ಎಕರೆಗೆ ಎಷ್ಟು ಬಂತು ಎಂದಲ್ಲ, ಒಂದು ಕ್ವಿಂಟಲ್ ಹತ್ತಿಗಾಗಿ ಎಷ್ಟು ಧಾನ್ಯ ಬಿಟ್ಟುಕೊಟ್ಟೆವು ಎಂದು. ಗದಗದಲ್ಲಿ ಅದು 2 ಕ್ವಿಂಟಲ್, ಅಲ್ಲಿ 3. ಹತ್ತಿಯನ್ನು ಅಗ್ಗವಾಗಿ ಬೆಳೆಯುತ್ತಿರುವುದು ಗದಗವೇ. ಕ್ವಿಂಟಲ್ ಹತ್ತಿಗೆ ಎರಡೂವರೆ ಕ್ವಿಂಟಲ್ ಧಾನ್ಯ ಎಂಬ ದರಕ್ಕೆ ಅದಲುಬದಲಾದರೆ ಇಬ್ಬರಿಗೂ ಅರ್ಧ ಕ್ವಿಂಟಲ್ ಉಳಿತಾಯ.

ಈ ಲೆಕ್ಕದಲ್ಲಿ ಸದ್ದಿಲ್ಲದೆ ಕೆಲವು ಮಾತು ಸೇರಿಕೊಂಡಿವೆ. ಸಾಗಣೆ ಪುಕ್ಕಟೆ ಎಂದುಕೊಂಡಿದ್ದೇವೆ. ಘಟ್ಟ ಇಳಿಯುವಷ್ಟರಲ್ಲಿ ಎತ್ತು, ಗಾಡಿ, ಸುಂಕದ ಕಟ್ಟೆ ಸೇರಿ ಆ ಅರ್ಧ ಕ್ವಿಂಟಲನ್ನು ತಿಂದರೆ ಲಾಭವೇ ಇಲ್ಲ. ಈ ಕಾರಣಕ್ಕೇ ಹತ್ತಿ ವರ್ತಕರು ಕಾರವಾರದ ಬಂದರಿಗೂ ಅರಬೈಲ್ ಘಟ್ಟದ ರಸ್ತೆಗೂ ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಒತ್ತಾಯ ಇತ್ತು. ಜಿಲ್ಲೆಯ ಗಡಿಯನ್ನು ಅರಳೆ ಎಳೆದಿದೆ ಎಂದರೆ ತಮಾಷೆಯಲ್ಲ.

ಇನ್ನೊಂದು ಮಾತು, ಬೆಲೆ ಬದಲಾದ ಕೂಡಲೇ ನೆಲ ಮತ್ತು ದುಡಿಮೆ ಬೆಳೆ ಬದಲಿಸಿಕೊಳ್ಳುತ್ತವೆ ಎಂಬುದು. ನಾಡ ಹತ್ತಿ ಬಿತ್ತುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ, ಬಿಡಿಸುವುದು ಫೆಬ್ರುವರಿ ಕಳೆದು. ಬಿತ್ತುವಾಗ ಕಂಡ ಬೆಲೆಯೇ ಬೇರೆ, ಮಾರುವಾಗ ಸಿಕ್ಕುವುದೇ ಬೇರೆ. ನಡುವೆ ಏನು ಮಾಡಲೂ ಬರುವುದಿಲ್ಲ.

ನಾಲ್ಕು ವರ್ಷದ ಬೆಳ್ಳಿ

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಹಾಕಿತು. ಬ್ರಿಟನ್ನಿನ ಹತ್ತಿಯಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಅಲ್ಲಿಂದಲೇ ಬರುತ್ತಿತ್ತು. ಲಿವರ್‌ಪೂಲಿನಲ್ಲಿ ದರ ಸುಮಾರು ನಾಲ್ಕು ಪಟ್ಟಾಯಿತು. ಮುಂಬಯಿಗೆ ಬೆಳ್ಳಿ ಹರಿಯಿತು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಗದಗಿನ ಪೇಟೆಗಳಿಗೂ. ‘ಗರಗಸದ ಜಿನ್ನಿನ ಧಾರವಾಡ’ ಎಂಬುದು ಹತ್ತಿ ಪೇಟೆಯಲ್ಲಿ ಒಂದು ದರ್ಜೆಯ ಹೆಸರೇ ಆಯಿತು.

ದರ ಏರಿದಾಗ ಕಲಬೆರಕೆಯೂ ಏರಿತು. ಅಂಡಿಗೆಯೊಳಗೆ ಕಾಳು, ಕಸ, ತೂಕಕ್ಕೆ ನೀರು, ಧಾರವಾಡ ಅಮೆರಿಕನ್ ಎಂದು ಹೇಳಿ ನಡುವೆ ತುರುಕಿದ ಕುಮ್ಟಾ. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ವಂಚನೆ ತಡೆಗೆಂದೇ ಕಾಯ್ದೆ ತಂದು ತನಿಖಾಧಿಕಾರಿಗಳನ್ನು ನೇಮಿಸಿತು. ದೂರದ ಖರೀದಿದಾರನಿಗೆ ಇವನು ಪ್ರಾಮಾಣಿಕ, ಅವನು ಮೋಸಗಾರ ಎಂದು ಬೇರ್ಪಡಿಸಲು ಬರುವುದಿಲ್ಲ. ಅವನು ಇಡೀ ಸೀಮೆಯ ಹೆಸರಿಗೇ ದರ ಇಳಿಸುತ್ತಾನೆ. ಹತ್ತು ಮಂದಿ ನೀರು ಚಿಮುಕಿಸಿದರೆ ಚಿಮುಕಿಸದ ನೂರು ಮಂದಿ ದಂಡ ತೆರುತ್ತಾರೆ.

ಇದು ಹಳೆಯ ಕಾಲಕ್ಕೇ ಮುಗಿದ ಕಾಯಿಲೆಯಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಿಂದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳಿಗೆ ಇದೇ ಬೇಕು. ಆದರೆ ತುಂಬುವಾಗ ಕಾಯಿ ಮುರಿಯಬಾರದೆಂದು, ತೂಕವೂ ಏರಲೆಂದು ನೀರು ಸಿಂಪಡಿಸುವ ಚಾಳಿ ಇದೆ. ತೇವ ಶೇ 11ರ ಮೇಲೆ ಹೋದ ಚೀಲದಲ್ಲಿ ಬೂಷ್ಟು ಬರುತ್ತದೆ, ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ. ಯುರೋಪಿನ ಮಿತಿ ಮೆಣಸಿನಕಾಯಿಗೆ ಕಿಲೊಗೆ ಒಟ್ಟು 10 ಮೈಕ್ರೋಗ್ರಾಂ, ಅದರಲ್ಲಿ ಬಿ1 ಎಂಬುದು 5 ಮೀರಬಾರದು. ಒಂದು ಕಂಟೇನರ್ ವಾಪಸ್ ಬಂದರೆ ಮುಂದಿನ ಹತ್ತಕ್ಕೆ ತಪಾಸಣೆ ಬಿಗಿಯಾಗುತ್ತದೆ, ಆ ಖರ್ಚು ಪೇಟೆಯ ಸವಾಲಿನಲ್ಲಿ ಸದ್ದಿಲ್ಲದೆ ಕಡಿತವಾಗುತ್ತದೆ. ನನ್ನ ದೃಷ್ಟಿಯಲ್ಲಿ ಕೃಷಿ ರಫ್ತಿಗೆ ಸಬ್ಸಿಡಿಗಿಂತ ಒಣಗಿಸುವ ಕಟ್ಟೆಯೂ ತೇವ ಅಳೆಯುವ ಮೀಟರೂ ಹೆಚ್ಚು ಉಪಕಾರ ಮಾಡುತ್ತವೆ.

ಅಂತರ್ಯುದ್ಧಕ್ಕೆ ಮರಳೋಣ. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೈನ್ಯ ಶರಣಾಯಿತು, ಹತ್ತಿಯ ದರ ಕುಸಿಯಿತು. ಮುಂಬಯಿಯಲ್ಲಿ ಹತ್ತಿಯ ಹಣದಿಂದ ಉಬ್ಬಿದ್ದ ಶೇರು ಪೇಟೆ ಜುಲೈನಲ್ಲಿ ಮುರಿದುಬಿತ್ತು. ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳು ಮುಳುಗಿದವು, ಬ್ಯಾಂಕುಗಳು ಬಾಗಿಲು ಹಾಕಿದವು. ಹಳ್ಳಿಯಲ್ಲಿ ಉಳಿದದ್ದು ಏರಿದ ದರವನ್ನು ನಂಬಿ ಮಾಡಿದ ಸಾಲ. ಸಾಲ ರೂಪಾಯಿಯಲ್ಲಿ ಸ್ಥಿರ, ಹತ್ತಿಯ ದರ ಕಾಲು ಭಾಗ: ತೀರಿಸಲು ಮೊದಲಿನ ನಾಲ್ಕು ಪಟ್ಟು ಅರಳೆ ಬೇಕು. ಹತ್ತು ವರ್ಷದ ಮೇಲೆ, 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳಲ್ಲಿ ರೈತರು ಸಾಹುಕಾರರ ಮನೆ ನುಗ್ಗಿ ಸಾಲಪತ್ರ ಸುಟ್ಟರು. ಧಾರವಾಡ ಸೀಮೆಯಲ್ಲಿ ಅಂಥದ್ದು ಆಗಲಿಲ್ಲ, ಆದರೆ 1876-78ರ ಮಹಾಬರ ಬಿಡಲಿಲ್ಲ. ಜೋಳದ ದರ ಗಗನಕ್ಕೆ, ಹತ್ತಿ ನೆಲಕ್ಕೆ. ಕ್ವಿಂಟಲ್ ಹತ್ತಿಗೆ ಎರಡೂವರೆ ಧಾನ್ಯ ಎಂದು ನಾವು ಮೇಲೆ ಬರೆದುಕೊಂಡ ದರ ಅರ್ಧಕ್ಕೆ ಇಳಿದರೆ ಹತ್ತಿ ಬೆಳೆದವನು ಉಪವಾಸ ಬೀಳುತ್ತಾನೆ. ಅದು ಅವನ ದಡ್ಡತನವಲ್ಲ.

ಹುಬ್ಬಳ್ಳಿ-ಗದಗಿನ ರೈಲು ಬಂದದ್ದು ಆ ಬರದ ನಂತರ, 1880ರ ದಶಕದಲ್ಲಿ. ಹತ್ತಿ ಹೊರಕ್ಕೆ, ಧಾನ್ಯ ಒಳಕ್ಕೆ. ಸಾಗಣೆಯ ಖರ್ಚು ಇಳಿದರೆ ಎರಡು ಊರಿನ ದರ ಹತ್ತಿರವಾಗುತ್ತದೆ ಎಂಬ ತತ್ತ್ವ ಇಲ್ಲಿ ಹಳಿಯ ಮೇಲೆ ನಡೆಯಿತು.

ಜೋಳದ ನಾಡಿಗೆ ಗೋಧಿ

ಸ್ವಾತಂತ್ರ್ಯದ ನಂತರ ದಿಕ್ಕು ಬದಲಾಯಿತು. 1954ರಲ್ಲಿ ಅಮೆರಿಕ ತನ್ನ ಹೆಚ್ಚುವರಿ ಧಾನ್ಯವನ್ನು ಹೊರದೇಶಕ್ಕೆ ಕೊಡಲು ಕಾನೂನು ಮಾಡಿತು, ಅದೇ ಪಿಎಲ್-480. ಭಾರತದ ಮೊದಲ ಒಪ್ಪಂದ 1956ರ ಆಗಸ್ಟ್‌ನಲ್ಲಿ. ಇದರ ವಿಶೇಷ, ಬೆಲೆಯನ್ನು ಡಾಲರಿನಲ್ಲಲ್ಲ, ರೂಪಾಯಿಯಲ್ಲಿ ತೆರಬಹುದಿತ್ತು. ಡಾಲರ್ ಇಲ್ಲದ ದೇಶಕ್ಕೆ ಅದು ದೊಡ್ಡ ಉಸಿರು. ಆ ರೂಪಾಯಿ ಅಮೆರಿಕದ ಖಾತೆಯಲ್ಲಿ ಭಾರತದಲ್ಲೇ ಕೂಡಿಬಿದ್ದಿತು. ಸ್ವಲ್ಪ ರಾಯಭಾರ ಕಚೇರಿಯ ಖರ್ಚಿಗೆ, ಬಹುಪಾಲು ಭಾರತಕ್ಕೇ ಸಾಲ, ಅನುದಾನವಾಗಿ. ಕೂಡುತ್ತಾ ಕೂಡುತ್ತಾ ಅದು ಎಷ್ಟಾಯಿತೆಂದರೆ 1974ರಲ್ಲಿ ಅಮೆರಿಕ ಒಂದೇ ಚೆಕ್ಕಿನಲ್ಲಿ 1,664 ಕೋಟಿ ರೂಪಾಯಿಯನ್ನು ಭಾರತಕ್ಕೆ ಬಿಟ್ಟುಕೊಟ್ಟಿತು.

1965, 66ರಲ್ಲಿ ಮಳೆ ಸತತ ಕೈಕೊಟ್ಟಿತು; 1966ರಲ್ಲಿ ದೇಶ ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್. ಗೋಧಿಯ ಜತೆ ಅಮೆರಿಕದ ಕೆಂಪು ಜೋಳವೂ ಬಂತು, ರೇಷನ್ ಅಂಗಡಿಗೆ ಇಳಿಯಿತು. ಬಿಳಿಜೋಳದ ರೊಟ್ಟಿ ಬಡಿದ ಕೈಗೆ ಆ ಹಿಟ್ಟು ಒಗ್ಗಲಿಲ್ಲ. ಶಾಲೆಗಳಲ್ಲಿ ‘ಕೇರ್’ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ ಬಂದವು. ಕಾಂಗ್ರೆಸ್ ಕಸ ಎಂದು ಕರೆಯುವ ಪಾರ್ಥೇನಿಯಂ ಈ ಗೋಧಿಯ ಜತೆಯೇ ಬಂತು ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಪುಣೆಯಲ್ಲಿ ಅದು ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವಿಗೇ, ಒಪ್ಪಂದದ ಹಡಗುಗಳು ಸರಿಯಾಗಿ ಬರುವ ಹೊತ್ತಿಗೆ ಮೊದಲೇ. ನೆರವಿನ ಮೇಲೆ ಹೊರಿಸಿದ ಎಲ್ಲ ಆರೋಪವೂ ತಾರೀಖಿನ ಪರೀಕ್ಷೆ ದಾಟುವುದಿಲ್ಲ.

ದಾಟುವ ಆರೋಪ ಬೇರೆ ಇದೆ. ಪುಕ್ಕಟೆಯೋ ಅಗ್ಗವೋ ಆದ ಧಾನ್ಯ ಪೇಟೆಗೆ ಸುರಿದರೆ ಸ್ಥಳೀಯ ದರ ಕುಸಿಯುತ್ತದೆ, ರೈತ ಬಿತ್ತನೆ ಕಡಿಮೆ ಮಾಡುತ್ತಾನೆ, ಮುಂದಿನ ವರ್ಷ ಇನ್ನೂ ಹೆಚ್ಚು ನೆರವು ಬೇಕಾಗುತ್ತದೆ. ಅಮೆರಿಕದ್ದೇ ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಸ್ 1960ರಲ್ಲಿ ಈ ಎಚ್ಚರಿಕೆ ಕೊಟ್ಟಿದ್ದ. ಭಾರತದಲ್ಲಿ ಹೊಡೆತ ಅಷ್ಟು ಜೋರಾಗಿ ಬೀಳಲಿಲ್ಲ, ಯಾಕೆಂದರೆ ಧಾನ್ಯ ಬಹುಪಾಲು ನ್ಯಾಯಬೆಲೆ ಅಂಗಡಿಯ ಮೂಲಕ, ಕೊಳ್ಳಲಾಗದವರ ಕೈಗೆ ಹೋಯಿತು. ನೆರವಿನ ಚೀಲ ಎಲ್ಲಿ ಬಿಚ್ಚುತ್ತದೆ ಎಂಬುದರ ಮೇಲೆ ಅದರ ಪರಿಣಾಮ ನಿಂತಿದೆ: ಪೇಟೆಯಲ್ಲಿ ಬಿಚ್ಚಿದರೆ ರೈತನಿಗೆ ಪೆಟ್ಟು, ಬಡವನ ಅಡುಗೆಮನೆಯಲ್ಲಿ ಬಿಚ್ಚಿದರೆ ಕಡಿಮೆ.

ಇನ್ನೊಂದು ಬೆಲೆ ಇತ್ತು. ಅಧ್ಯಕ್ಷ ಜಾನ್ಸನ್ ಧಾನ್ಯದ ಹಡಗನ್ನು ತಿಂಗಳಿಂದ ತಿಂಗಳಿಗೆ ಅಳೆದು ಬಿಟ್ಟರು. ವಿಯೆಟ್ನಾಂ ಕುರಿತು ದಿಲ್ಲಿ ಏನು ಹೇಳುತ್ತದೆ, ಕೃಷಿ ನೀತಿ ಬದಲಿಸುತ್ತದೆಯೋ ಎಂಬುದನ್ನು ನೋಡಿ ಹಗ್ಗ ಸಡಿಲಿಸುವುದು, ಬಿಗಿಯುವುದು. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು. ಡಾಲರಿನಲ್ಲಿ ತೀರಿಸಬೇಕಿದ್ದ ಪ್ರತಿ ಸಾಲವೂ ರೂಪಾಯಿ ಲೆಕ್ಕದಲ್ಲಿ ಒಂದೇ ರಾತ್ರಿಗೆ ಶೇ 57ರಷ್ಟು ಉಬ್ಬಿತು.

ಧಾರವಾಡದ ವರಲಕ್ಷ್ಮಿ

ಧಾನ್ಯ ತಿಂದರೆ ತೀರಿತು, ಕಲಿತ ವಿದ್ಯೆ ಉಳಿಯಿತು. 1960ರ ದಶಕದಲ್ಲಿ ಅಮೆರಿಕದ ಮಾದರಿಯ ಕೃಷಿ ವಿಶ್ವವಿದ್ಯಾಲಯಗಳು ಎದ್ದವು. ಪಾಠ, ಸಂಶೋಧನೆ, ಹಳ್ಳಿಗೆ ತಲುಪಿಸುವ ವಿಸ್ತರಣೆ ಮೂರೂ ಒಂದೇ ಸೂರಿನಡಿ. ಮೈಸೂರು ರಾಜ್ಯದಲ್ಲಿ ಟೆನಸಿ ವಿಶ್ವವಿದ್ಯಾಲಯ ಕೈಜೋಡಿಸಿತು. ಧಾರವಾಡದ ಕೃಷಿ ಕಾಲೇಜು 1947ರದ್ದು. ಹೊಸ ವ್ಯವಸ್ಥೆಯೊಳಗೆ ಸೇರಿ, 1986ರಲ್ಲಿ ತಾನೇ ವಿಶ್ವವಿದ್ಯಾಲಯವಾಯಿತು.

1972ರಲ್ಲಿ ಧಾರವಾಡದ ವಿಜ್ಞಾನಿ ಡಾ. ಬಿ.ಎಚ್. ಕಟರಕಿ ‘ವರಲಕ್ಷ್ಮಿ’ಯನ್ನು ಕೊಟ್ಟರು. ಹತ್ತಿಯ ಎರಡು ಬೇರೆ ಜಾತಿಗಳನ್ನು ಕೂಡಿಸಿ ವಾಣಿಜ್ಯಕ್ಕೆ ಬಂದ ಮೊದಲ ಹೈಬ್ರಿಡ್ ಅದು. ತಾಯಿ ‘ಲಕ್ಷ್ಮಿ’, ತಂದೆ ಈಜಿಪ್ಟ್ ಹತ್ತಿಯ ಜಾತಿಗೆ ಸೇರಿದ ಉದ್ದೆಳೆಯ ತಳಿ. ಲಕ್ಷ್ಮಿಯ ವಂಶದಲ್ಲಿ ‘ಗದಗ-1’ ಇದೆ, ಗದಗ-1 ಆಯ್ದುಕೊಂಡದ್ದು ಧಾರವಾಡ ಅಮೆರಿಕನ್‌ನಿಂದ. ಕುಸುಗಲ್ಲಿನ ಕಾಲದ ಬೀಜ ನೂರಮೂವತ್ತು ವರ್ಷ ಸುತ್ತಿ, ಈಜಿಪ್ಟ್ ಮತ್ತು ಸುಡಾನಿನಿಂದ ತರಿಸುತ್ತಿದ್ದ ಉದ್ದೆಳೆಯ ಆಮದನ್ನು ತಗ್ಗಿಸುವ ತಳಿಯೊಳಗೆ ಸೇರಿತು. 1981ರ ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಇನ್ನೂ ನಾಜೂಕಿನ ಎಳೆ.

ಹೈಬ್ರಿಡ್ ಬೀಜ ತಯಾರಿ ಕೈಗೆಲಸ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆ ಗುರುತಿಸಿ, ಪರಾಗ ಹಿಡಿಯುವ ಶಲಾಕಾಗ್ರಕ್ಕೆ ಗಾಯವಾಗದಂತೆ ಉಗುರಿನಿಂದ ದಳವನ್ನೂ ಕೇಸರಗಳನ್ನೂ ಸುಲಿದು, ಕಾಗದದ ಚೀಲ ತೊಡಿಸುತ್ತಾರೆ. ಮರುದಿನ ಬಿಸಿಲು ಏರುವ ಮುನ್ನ ತಂದೆ ಸಾಲಿನ ಹೂವಿನ ಪರಾಗ ಸವರಿ ದಾರ ಕಟ್ಟಬೇಕು. ಒಂದು ಕೇಸರ ಉಳಿದರೂ ಆ ಕಾಯಿಯಲ್ಲಿ ಸ್ವಂತ ಪರಾಗದ ಬೀಜ ಸೇರಿ ಶುದ್ಧತೆ ಕೆಡುತ್ತದೆ, ಲಾಟು ತಿರಸ್ಕೃತವಾಗುತ್ತದೆ. ಯಂತ್ರ ಮಾಡಲಾರದ, ಎಳೆ ಬೆರಳುಗಳನ್ನು ಬೇಡುವ ಈ ಕೆಲಸ ರಾಣೆಬೆನ್ನೂರು ಭಾಗವನ್ನು ಬೀಜೋತ್ಪಾದನೆಯ ಕೇಂದ್ರವಾಗಿಸಿತು. ಈಗ ಅಲ್ಲಿ ತರಕಾರಿ ಬೀಜವೂ ದೊಡ್ಡ ಕಸುಬು. ಬಂಡವಾಳ ಕಡಿಮೆ, ಕೈ ಹೆಚ್ಚು ಇರುವ ಕಡೆ ಕೈಗೆಲಸದ ಸರಕೇ ಹೊರಗೆ ಮಾರಾಟವಾಗುತ್ತದೆ ಎಂಬ ವ್ಯಾಪಾರದ ಇನ್ನೊಂದು ಸೂತ್ರ ಇಲ್ಲಿ ನಡೆಯುತ್ತದೆ. ‘ಎಳೆ ಬೆರಳು’ ಎಂದರೆ ಬಹುಕಾಲ ಮಕ್ಕಳ ಬೆರಳೂ ಆಗಿತ್ತು ಎಂಬುದನ್ನು ಸೂತ್ರ ಹೇಳುವುದಿಲ್ಲ.

ಹೈಬ್ರಿಡ್ಡಿನ ಬೀಜ ಎತ್ತಿಟ್ಟು ಮರಳಿ ಬಿತ್ತಲು ಬರುವುದಿಲ್ಲ. ಪ್ರತಿ ವರ್ಷ ಕೊಳ್ಳಬೇಕು. 2002ರಲ್ಲಿ ಬಿ.ಟಿ. ಬಂದ ಮೇಲೆ ಅದಕ್ಕೆ ವಂಶವಾಹಿಯ ರಾಜಧನವೂ ಸೇರಿತು. ಕೇಂದ್ರ 2016ರಲ್ಲಿ ಅದನ್ನು 450 ಗ್ರಾಂ ಪೊಟ್ಟಣಕ್ಕೆ 49 ರೂಪಾಯಿಗೆ ಕಟ್ಟಿಹಾಕಿತು, 2020ರಲ್ಲಿ ಸೊನ್ನೆ ಮಾಡಿತು. ಪೊಟ್ಟಣ ಅಗ್ಗವಾಯಿತು, ಆದರೆ ಬಿ.ಟಿ. ತಂತ್ರಜ್ಞಾನದ ಕಂಪನಿ ಮುಂದಿನ ತಂತ್ರಜ್ಞಾನದ ಅರ್ಜಿಯನ್ನು 2016ರಲ್ಲೇ ಹಿಂತೆಗೆದುಕೊಂಡಿತ್ತು, ಗುಲಾಬಿ ಕಾಯಿಕೊರಕ ಹಳೆಯದಕ್ಕೆ ಒಗ್ಗಿಕೊಂಡಿತ್ತು. ವಿದ್ಯೆಗೆ ಬೆಲೆ ಕೊಟ್ಟರೆ ರೈತನಿಗೆ ಭಾರ, ಕೊಡದಿದ್ದರೆ ಹೊಸದು ಬರುವುದಿಲ್ಲ. ಸರ್ಕಾರಿ ಸಂಶೋಧನೆಗೆ ಹಣ ಹಾಕುವುದೊಂದೇ ಈ ಇಕ್ಕಳದಿಂದ ಹೊರಬರುವ ದಾರಿ. ವರಲಕ್ಷ್ಮಿ ಬಂದದ್ದು ಹಾಗೆಯೇ.

ಒಂದು ಕೈಯಲ್ಲಿ ಸಬ್ಸಿಡಿ, ಇನ್ನೊಂದರಲ್ಲಿ ನೆರವು

ದರ ಕುಸಿದಾಗ ಎಲ್ಲೆಡೆ ಬೆಳೆಗಾರರು ಬಿತ್ತನೆ ತಗ್ಗಿಸಿದರೆ ದರ ತಾನೇ ಚೇತರಿಸುತ್ತದೆ. ಅಮೆರಿಕದ ಬೆಳೆಗಾರನಿಗೆ ನಿಗದಿತ ದರಕ್ಕಿಂತ ಇಳಿದಷ್ಟನ್ನು ಸರ್ಕಾರ ತುಂಬಿಕೊಡುತ್ತಿತ್ತು, ಅವನು ತಗ್ಗಿಸಲಿಲ್ಲ. ತಗ್ಗಿಸುವ ಹೊರೆ ಉಳಿದವರ ಮೇಲೆ ಬಿತ್ತು. 2002ರಲ್ಲಿ ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದು ಗೆದ್ದಿತು. 2003ರಲ್ಲಿ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಒಟ್ಟಾಗಿ ಹತ್ತಿ ಸಬ್ಸಿಡಿ ನಿಲ್ಲಿಸಿ ಎಂದವು. ಈ ದೇಶಗಳಿಗೆ ಅಮೆರಿಕ ನೆರವನ್ನೂ ಕೊಡುತ್ತಿತ್ತು. ತೀರ್ಪಿನ ಮೇಲೆ ನಡೆದದ್ದು ಇನ್ನೂ ವಿಚಿತ್ರ: 2010ರಿಂದ ಅಮೆರಿಕ ಬ್ರೆಜಿಲ್ಲಿನ ಹತ್ತಿ ಬೆಳೆಗಾರರ ನಿಧಿಗೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು, 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ಜಗಳ ಮುಗಿಸಿತು. ತನ್ನ ರೈತರ ಸಬ್ಸಿಡಿ ಉಳಿಸಿಕೊಳ್ಳಲು ಪರದೇಶದ ರೈತರಿಗೂ ಸಬ್ಸಿಡಿ. ಕಟ್ಲೆ ಹೂಡುವ ತಾಕತ್ತಿಲ್ಲದ ಮಾಲಿಗೂ ಗದಗಿಗೂ ಅದರಲ್ಲಿ ಪಾಲಿಲ್ಲ.

ನಮ್ಮ ಸರ್ಕಾರವೂ ಇದರಿಂದ ಹೊರತಲ್ಲ. ಉಳ್ಳಾಗಡ್ಡಿ ನೋಡಿ. ಗದಗ, ಧಾರವಾಡದ ಮುಂಗಾರಿ ಗಡ್ಡಿ ಪೇಟೆಗೆ ಬರುವುದು ಸೆಪ್ಟೆಂಬರಿನಿಂದ. ಅದರಲ್ಲಿ ನೀರಿನಂಶ ಹೆಚ್ಚು, ಸಿಪ್ಪೆ ತೆಳು. ನಾಸಿಕದ ಬೇಸಿಗೆ ಗಡ್ಡಿಯಂತೆ ತಿಂಗಳುಗಟ್ಟಲೆ ಇಡಲು ಬರುವುದಿಲ್ಲ. ರಫ್ತು ನಿಷೇಧ ಬಿದ್ದದ್ದು 2019ರ ಸೆಪ್ಟೆಂಬರ್ 29ಕ್ಕೆ, 2020ರ ಸೆಪ್ಟೆಂಬರ್ 14ಕ್ಕೆ. 2023ರ ಆಗಸ್ಟ್‌ನಲ್ಲಿ ಶೇ 40ರ ರಫ್ತು ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. ಸುಂಕ ಸಂಪೂರ್ಣ ಹೋದದ್ದು 2025ರ ಏಪ್ರಿಲ್ 1ಕ್ಕೆ. ಪೇಟೆಯ ಗ್ರಾಹಕನಿಗೆ ಕಿಲೊಗೆ ಇಪ್ಪತ್ತು ರೂಪಾಯಿ ಉಳಿಸಿಕೊಡಲು ಸರ್ಕಾರ ತೆರಿಗೆ ಹಾಕುವುದು ಹೀಗೆ, ಬಜೆಟ್ಟಿನಲ್ಲಿ ಬರೆಯದೆ, ಬೆಳೆದವನ ಚೀಲದಿಂದ.

ಡಾಲರಿನಲ್ಲಿ ಸಾಲ, ರೂಪಾಯಿಯಲ್ಲಿ ನಳದ ಬಿಲ್ಲು

ನೆರವು ಈಗ ಚೀಲದಲ್ಲಿ ಬರುವುದಿಲ್ಲ, ಸಾಲದ ಒಪ್ಪಂದದಲ್ಲಿ ಬರುತ್ತದೆ. 2004ರಲ್ಲಿ ವಿಶ್ವಬ್ಯಾಂಕ್ 3.95 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಟ್ಟು ತೋರಿಸುವುದು ಗುರಿ. ಅದಕ್ಕೆ ಮುಂಚೆ ನಳ ಬರುತ್ತಿದ್ದದ್ದು ಹಲವು ದಿನಕ್ಕೊಮ್ಮೆ. ಹಾಗೆ ಬಿಟ್ಟು ಬಿಟ್ಟು ಕೊಟ್ಟಾಗ ಪೈಪು ಖಾಲಿಯಾಗಿ ಒಳಗೆ ಎಳೆತ ಹುಟ್ಟುತ್ತದೆ, ಬಿರುಕಿನಿಂದ ಚರಂಡಿ ನೀರು ಒಳಬರುತ್ತದೆ. ಮೀಟರು ಗಾಳಿಗೇ ತಿರುಗುತ್ತದೆ. ಆಯ್ದ ವಾರ್ಡುಗಳಲ್ಲಿ ನೀರು ಬಂತು. ಅದನ್ನು ಊರಿಗೆಲ್ಲ ಹಬ್ಬಿಸಲು 2016ರಲ್ಲಿ 10 ಕೋಟಿ ಡಾಲರಿನ ಇನ್ನೊಂದು ಸಾಲ.

ಈ ಎರಡು ಸಾಲದ ನಡುವೆ ಒಂದು ನಿಯಮ ಬದಲಾಗಿತ್ತು. ಅದು ಸುದ್ದಿಯಾಗಲೇ ಇಲ್ಲ. ಮುಂಚೆ ವಿದೇಶಿ ಸಾಲವನ್ನು ಕೇಂದ್ರ ತಾನು ಹೊತ್ತು, ಕರ್ನಾಟಕದಂಥ ರಾಜ್ಯಕ್ಕೆ ರೂಪಾಯಿಯಲ್ಲಿ ಶೇ 70 ಸಾಲ, ಶೇ 30 ಅನುದಾನ ಎಂದು ಕೊಡುತ್ತಿತ್ತು. ಡಾಲರ್ ಏರಿದರೆ ನಷ್ಟ ಕೇಂದ್ರದ್ದು. 12ನೇ ಹಣಕಾಸು ಆಯೋಗದ ಶಿಫಾರಸಿನಂತೆ 2005ರ ಏಪ್ರಿಲ್ 1ರ ನಂತರದ ಯೋಜನೆಗಳಿಗೆ ಸಾಲ ಬಂದ ಷರತ್ತಿನಲ್ಲೇ ರಾಜ್ಯಕ್ಕೆ ದಾಟುತ್ತದೆ. ಬಡ್ಡಿ ಕಡಿಮೆ, ಅವಧಿ ದೀರ್ಘ, ವಿನಿಮಯದ ಏರಿಳಿತ ರಾಜ್ಯದ್ದು.

2005ರಲ್ಲಿ ಡಾಲರ್ ಸುಮಾರು 45 ರೂಪಾಯಿ, 2025ರಲ್ಲಿ 85. ವರ್ಷಕ್ಕೆ ಶೇ 3.2ರಂತೆ ಏರಿದ ಹಾಗಾಯಿತು. ಡಾಲರ್ ಬಡ್ಡಿ ಶೇ 2 ಇದ್ದರೆ ನಿಜವಾದ ಖರ್ಚು ಶೇ 5ರ ಮೇಲೆ. ರಾಜ್ಯ ಇಲ್ಲೇ ರೂಪಾಯಿಯಲ್ಲಿ ಶೇ 7-8ಕ್ಕೆ ಎತ್ತುವ ಸಾಲಕ್ಕಿಂತ ಅದು ಇನ್ನೂ ಅಗ್ಗವೇ. ಆದರೆ ಡಾಲರ್ ಬಡ್ಡಿ ಶೇ 5 ದಾಟಿದ ವರ್ಷ ಲೆಕ್ಕ ತಲೆಕೆಳಗು. ನೀರು ಮಾರಿ ಡಾಲರ್ ಗಳಿಸಲು ಬರುವುದಿಲ್ಲ. ನಳದ ಬಿಲ್ಲು ಬರುವುದು ರೂಪಾಯಿಯಲ್ಲಿ. ಡಾಲರ್ ಗಳಿಸುವ ಅರಳೆ, ಮೆಣಸಿನಕಾಯಿ ಇದೇ ಸೀಮೆಯವು, ಆದರೆ ಆ ಡಾಲರ್ ಪಾಲಿಕೆಯ ಖಾತೆಗೆ ಬರುವುದಿಲ್ಲ. ಹೀಗಾಗಿ ಇಂಥ ಸಾಲದ ಕಡತ ಕೈಗೆ ಬಂದರೆ ಮಂಜೂರಾದ ಮೊತ್ತಕ್ಕಿಂತ ಮುಂಚೆ ನೋಡಬೇಕಾದವು ಮೂರು: ತೀರಿಸಬೇಕಾದ ನಾಣ್ಯ ಯಾವುದು, ಬಡ್ಡಿ ಸ್ಥಿರವೋ ತೇಲುವುದೋ, ಕಂತು ಯಾವ ವರ್ಷದಿಂದ ಶುರು.